ಮುಚ್ಚಳವಿಲ್ಲದ ಬಾಟಲಿ

ಕಸಬರಿಗೆಗೆ ತಗುಲಿ ಉರುಳಿದ ನೀರಿನ ಬಾಟಲಿಯನ್ನು ಎತ್ತಿಕೊಂಡ ಚಂದ್ರಕಲಾ ಹಾಗೇ ನಿಂತುಬಿಟ್ಟಳು. ಖಾಲಿ. ಮುಚ್ಚಳವೂ ಇಲ್ಲ. ನಿನ್ನೆ ಮಧ್ಯಾಹ್ನ ಇಂಥದೇ ಬಾಟಲಿಗೆ ಅವಳು ಜೀನ್ಸ್ ಪ್ಯಾಂಟಿನ ಎಣ್ಣೆಕಲೆ ತೆಗೆಯುವ ಕೆಮಿಕಲ್ ತುಂಬಿ ಹೊಲಿಗೆ ಮಷಿನ್ನಿನ ಕಾಲ ಬಳಿ ಇಟ್ಟಿದ್ದಳು. ಬಗ್ಗಿ ನೋಡಿದಳು. ಅಲ್ಲಿ ದಾರದ ಚೂರುಗಳಷ್ಟೇ ಇದ್ದವು.

ಆ ಕೆಮಿಕಲ್ ನೋಡುವುದಕ್ಕೆ ನೀರೇ. ಗೊತ್ತಾಗಲೆಂದು ಬಾಟಲಿಯ ಮೇಲೆ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಒಂದು ಗೀಟು ಎಳೆದಿದ್ದಳು. ಇದರ ಮೇಲೆ ಗೀಟಿಲ್ಲ. ಆದರೆ ಒದ್ದೆ ಕೈ ತಗುಲಿದರೆ ಚಾಕ್‌ಪೀಸಿನ ಗೀಟು ಉಳಿಯುತ್ತದೆಯೇ? ಮೂಸಿದಳು. ಮನೆಯ ತುಂಬ ಬ್ರಾಂದಿಯ ವಾಸನೆ, ಹೊಸ ಬಟ್ಟೆಯ ಬಣ್ಣದ ವಾಸನೆ. ಬಾಟಲಿಯದು ಯಾವುದೋ ತಿಳಿಯಲಿಲ್ಲ. "ನೀರಿನ ಬಾಟಲಿಗೆ ಹಾಕಬ್ಯಾಡ ಅಂದ್ರ ತಿಳಿಯಂಗಿಲ್ಲೇನು? ಯಾರಾರ ಕುಡದು ಸತ್ರ ನಿನ್ನ ಡಿಗ್ರಿ ಬಂದು ಬದುಕಸ್ತೈತಾ?" ಎಂದು ಗಂಡ ಕಿರಣ್‌ಕುಮಾರ್ ಮೊನ್ನೆಯಷ್ಟೇ ರೇಗಿದ್ದ. ದೊಡ್ಡ ಕ್ಯಾನು ಎತ್ತಲಾರದೆ ಅವಳು ಮತ್ತೆ ಅದನ್ನೇ ಮಾಡಿದ್ದಳು. ಬಳ್ಳಾರಿಯ ಆರ್ಡರು ಮುಗಿಯಿತೆಂದು ರಾತ್ರಿ ಇಲ್ಲಿಯೇ, ಮಷಿನ್ನುಗಳನ್ನು ಗೋಡೆಗೆ ಸರಿಸಿ, ಪಾರ್ಟಿ ನಡೆದಿತ್ತು. ಬಂದಿದ್ದ ಇಬ್ಬರೂ ಪ್ಯಾಂಟಿನ ರಾಶಿಗೆ ಒರಗಿ ಮಲಗಿದ್ದರು. ಕಟಿಂಗ್ ಮಾಸ್ತರ ಸಣ್ಣಬಸಪ್ಪ ಗೊರಕೆ ಹೊಡೆಯುತ್ತಿದ್ದ. ಮಡಕಶಿರಾದ ಟೈಲರ್ ಮುತ್ತುರಾಜ್ ಹೊಟ್ಟೆ ಹಿಡಿದುಕೊಂಡು ಮುದುರಿದ್ದ. ಅವನ ಸದ್ದೇ ಇರಲಿಲ್ಲ. ಎದೆ ಏರುವುದು ಕಾಣುವವರೆಗೂ ಅವಳು ತಾನೂ ಉಸಿರು ಬಿಡಲಿಲ್ಲ.

ಕಿರಣ್‌ಕುಮಾರ್ ಮುಖ ಒರೆಸಿಕೊಳ್ಳುತ್ತ ಬಂದ. "ಉಗ್ಗಾಣಿ ಮಾಡು. ಖಾರ ಕಮ್ಮಿ, ನಿಂಬಿಹಣ್ಣು ಜಾಸ್ತಿ. ಮಜ್ಜಿಗಿ ತೆಳ್ಳಗಿರ್ಲಿ. ರಾತ್ರಿದೆಲ್ಲ ಇಳೀಬೇಕು ನೋಡು."

"ಏನ್ರಿ..."

"ಏನು?"

"ಬಜ್ಜಿನೂ ಕರೀಲೇನ್ರಿ?"

ಅಡುಗೆಮನೆಯಲ್ಲಿ ಅತ್ತೆ ದ್ರಾಕ್ಷಾಯಣಮ್ಮ ಹುರಿಗಡಲೆ ಕುಟ್ಟುತ್ತ ಗೊಣಗುತ್ತಿದ್ದರು. "ಲಿಂಗ ಇರೋ ಮನಿಯಾಗ ಇದೊಂದು ಆಗಬೇಕಿತ್ತು. ಮಗನಿಗೆ ಅಂದ್ರ ಹೊಸ ಕಾಲ ಅಂತಾನ." ಉಗ್ಗಾಣಿಗೆಂದು ನೆನೆಸಿದ ಮಂಡಕ್ಕಿಯನ್ನು ಚಂದ್ರಕಲಾ ಹಿಂಡುತ್ತಲೇ ಇದ್ದಳು. "ಸಾಕು ಬಿಡ ತಾಯಿ, ಮುದ್ದಿ ಮಾಡಿಬಿಟ್ಟಿ."

ತಟ್ಟೆ ಇಟ್ಟಾಗ ಮುತ್ತುರಾಜ್ ಗೋಡೆ ಹಿಡಿದು ಕೂತ. ಕಣ್ಣು ಕೆಂಪಗಿದ್ದವು. "ಕಣ್ಣೆಲ್ಲ ಮಂಜ್ ಮಂಜು ಕಣಕ್ಕ. ಒಟ್ಟೇಲಿ ಕೆಂಡ ಇಟ್ಟಂಗೈತೆ."

"ಅಷ್ಟಕ್ಕ ಹಿಂಗಾದ್ಯಲ್ಲೋ," ಸಣ್ಣಬಸಪ್ಪ ಬಜ್ಜಿ ಕಚ್ಚಿದ. "ಬೆಂಗಳೂರು ಗಾರ್ಮೆಂಟ್ಸ್‌ನ್ಯಾಗ ಇಷ್ಟು ವರ್ಷ ಏನ್ ಕಲ್ತಿ?"

"ಕಾಲರ್ ಹೊಲಿಯಾದು ಕಲ್ತೆ ಕಣಣ್ಣೋ. ಅಲ್ಲಿ ನೀರು ಕುಡಿಯಾಕೂ ಬಿಡ್ತಿರ್ಲಿಲ್ಲ, ಇನ್ನ ಇದನ್ನ ಎಲ್ಲಿ ಕಲೀಲಿ?"

ಕುಡಿದದ್ದು ಇಳಿಯುವಾಗ ಹೀಗೇ ಆಗುತ್ತದೆಯಂತೆ. ವಿಷ ಏರುವಾಗ ಹೇಗಾಗುತ್ತದೆ? ಬಿ.ಕಾಂ.ನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮಜ್ಜಿಗೆ ಸುರಿಯುತ್ತ, ನೆಲ ನೋಡುತ್ತ ಕೇಳಿದಳು: "ರಾತ್ರಿ ಯಾವ ಬಾಟಲಿ ನೀರು ಕುಡದ್ರಣ್ಣ?"

"ಕೈಗೆ ಸಿಕ್ಕಿದ್ದು ಕುಡದೆ ಕಣಕ್ಕ. ನೀರಿಗೂ ಎಸರು ಊರು ಕೇಳ್ತಾರಾ?"

ಎಲ್ಲರೂ ನಕ್ಕರು. ಗಂಡ ನಗುತ್ತಲೇ ಅವಳ ಕಡೆ ನೋಡಿದ. ಮಜ್ಜಿಗೆ ಲೋಟದಿಂದ ಹೊರಚೆಲ್ಲಿತು.

ವಾಂತಿಯಾದರೆ ಹೇಳಿಯೇಬಿಡುತ್ತೇನೆ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಮುತ್ತುರಾಜ್ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದ. ಮರಳಿ ಬಂದು, "ಈಗ ಅಗುರಾಯ್ತು" ಎಂದ. ಆಸ್ಪತ್ರೆ ಎರಡು ಬೀದಿ ಆಚೆಗಿತ್ತು. ಎಲ್ಲಾ ಹೊರಗೆ ಬಂದಿರಬೇಕು, ಇನ್ನು ಭಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಅವನ ತಟ್ಟೆಗೆ ಇನ್ನೊಂದು ಹಿಡಿ ಉಗ್ಗಾಣಿ ಹಾಕಿದಳು.

ಸಣ್ಣಬಸಪ್ಪ ಬೈಕು ಹೊರಡಿಸಿದ. ಹಿಂದೆ ಕೂತ ಮುತ್ತುರಾಜ್‌ನನ್ನು ಬಸ್‌ಸ್ಟ್ಯಾಂಡಿಗೆ ಬಿಡುವುದಿತ್ತು. ಮಡಕಶಿರಾ ದೂರ. ಬಸ್ಸಿನಲ್ಲಿ ಅವನಿಗೆ ಏನಾದರೂ ಆದರೆ, ಪಕ್ಕದಲ್ಲಿ ಕೂತವರು ಕುಡುಕ ನಿದ್ದೆ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಚಂದ್ರಕಲಾ ಹೊಸ್ತಿಲು ದಾಟಿ ಓಡಿದಳು.

"ಅಣ್ಣಾ!"

"ಏನಕ್ಕ?"

ಹಿಂದೆ ಗಂಡ ಬಂದು ನಿಂತದ್ದು ಚಪ್ಪಲಿಯ ಸದ್ದಿನಲ್ಲೇ ಗೊತ್ತಾಯಿತು.

"ದಾರಿಗೆ... ನಿಂಬಿಹಣ್ಣು." ಉಗ್ಗಾಣಿಗೆ ಹಿಂಡಿ ಉಳಿದು ಸೆರಗಿನಲ್ಲಿದ್ದ ಒಂದು ಹಣ್ಣನ್ನು ಚಾಚಿದಳು.

ಮುತ್ತುರಾಜ್ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ. ಬೈಕು ಬೀದಿ ತಿರುಗಿತು. ಗಂಡ ಸಿಗರೇಟಿಗೆಂದು ಅಂಗಡಿಯ ಕಡೆ ಹೋದ.

ಒಳಗೆ ಬಂದಾಗ ದ್ರಾಕ್ಷಾಯಣಮ್ಮ ಅಟ್ಟದ ಕಡೆ ಕೈ ಚಾಚಿದ್ದರು. ಪಾತ್ರೆಗಳ ಹಿಂದಿನಿಂದ ಒಂದು ಬಾಟಲಿ ತೆಗೆದು ಅವಳ ಮುಂದೆ ಹಿಡಿದರು. ತುಂಬಿತ್ತು. ಚಾಕ್‌ಪೀಸಿನ ಗೀಟು ಹಾಗೇ ಇತ್ತು.

"ತಗಾ, ನಿನ್ನ ಕಲಿ ತೆಗಿಯೋದು. ಮಷಿನ್ ಬುಡಕ ಇಟ್ಟಿದ್ದಿಯಲ್ಲ, ಆ ಕುಡುಕರು ಬರೋಕಿಂತ ಮೊದ್ಲೇ ನಾನ ಎತ್ತಿಟ್ಟಿದ್ದೆ. ಹೇಳೋದು ಮರ್ತೇಹೋತು."

ಚಂದ್ರಕಲಾ ಬಾಟಲಿ ಇಸಿದುಕೊಂಡು ಹೊಸ್ತಿಲ ಮೇಲೆಯೇ ಕೂತಳು. ಅತ್ತೆ ಅವಳ ಮುಖ ನೋಡಿದರು.

"ಯಾಕ ಹಿಂಗ ಬೆವತಿ? ಅವ್ರು ಕುಡದಾರ ಅಂತ ತಿಳಕಂಡಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅದ ಮತ್ತ," ದ್ರಾಕ್ಷಾಯಣಮ್ಮ ಸೆರಗಿನಿಂದ ಸೊಸೆಯ ಹಣೆ ಒರೆಸಿದರು. "ಹಂಗ ತಿಳಕಂಡಿದ್ರ ನೀ ಸುಮ್ನ ಬಡಿಸ್ಕೊಂತ ಇರ್ತಿದ್ದಿಯೇನು?"