ಅಣ್ಣು ಧಣಿಯ ಕೋವಿ

"ಇದೇ ಅಲ್ವಾ ಅಜ್ಜಿ? ಸರಿ ನೋಡಿ ಹೇಳಿ," ಎನ್ನುತ್ತಾ ಅಶ್ವಿತ್ ಕೋವಿಯನ್ನು ದೇಯಿಯ ಮಡಿಲಲ್ಲೇ ಇಟ್ಟುಬಿಟ್ಟ.

ಹಂಪನಕಟ್ಟೆಯಲ್ಲಿ ಅವನದೇ ಹೋಟೆಲಿನ ಎ.ಸಿ. ರೂಮು. ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲು ರೆಕಾರ್ಡ್ ಮಾಡುತ್ತಿತ್ತು. ಗೋಡೆ ತುಂಬ ಹಳೇ ಕೋವಿಗಳು, ಕತ್ತಿಗಳು, ಯಾರ ಎದೆಯಿಂದಲೋ ಕಳಚಿ ಬಂದ ಪದಕಗಳು. ಶೌರ್ಯವನ್ನೂ ಕೊಂಡು ಮೊಳೆ ಹೊಡೆದು ನೇತುಹಾಕುವ ಜಾತಿಯ ಮನುಷ್ಯ. ಮಡಿಲಲ್ಲಿದ್ದ ಈ ಒಂದು ಕೋವಿ ಮಾತ್ರ ಅವನ ಸ್ವಂತ ಅಜ್ಜ ಅಣ್ಣು ಧಣಿಯದು. ಅದನ್ನು ಧಣಿಯ ಕೈಯಲ್ಲಿ ಕಣ್ಣಾರೆ ಕಂಡವರು ಬಾಯಿಬಿಟ್ಟು ಹೇಳಿದರೆ ಕೋವಿ ಸಂಗ್ರಹಿಸುವವರ ನಡುವೆ ಅದಕ್ಕೊಂದು ತೂಕ. ಅದಕ್ಕೇ ಕಾವೂರಿಗೆ ಕಾರು ಕಳಿಸಿ ಹಳೇ ಒಕ್ಕಲಿನ ಮುದುಕಿಯನ್ನು ಕರೆಸಿಕೊಂಡಿದ್ದ. ಜೊತೆಗೆ ಬಂದ ಮೊಮ್ಮಗ ಮೋಕ್ಷಿತ್ ಬಾಗಿಲಲ್ಲೇ ನಿಂತಿದ್ದ. ಕೂತುಕೋ ಎಂದು ಯಾರೂ ಹೇಳಿರಲಿಲ್ಲ.

ದೇಯಿಯ ಬೆರಳು ಕೋವಿಯ ಮರದ ಬುಡದ ಮೇಲೆ ಹರಿದು, ಒಂದು ಕಚ್ಚು ಸಿಕ್ಕಿದಲ್ಲಿ ನಿಂತಿತು. ಅದು ಮೋಕ್ಷಿತನ ಕಣ್ಣಿಗೂ ಬಿತ್ತು. ಆ ಕಚ್ಚಿನ ಕತೆ ಕೇಳಿಯೇ ಅವನು ಬೆಳೆದದ್ದು. ಭೂಮಸೂದೆ ಬಂದ ಕಾಲಕ್ಕೆ ಅವನಜ್ಜ, ದೇಯಿಯ ಗಂಡ, ಗೇಣಿ ಗದ್ದೆ ತನ್ನದೆಂದು ಡಿಕ್ಲರೇಶನ್ ಹಾಕಲು ಹೊರಟು ನಿಂತಾಗ ಅಣ್ಣು ಧಣಿ ಅಂಗಳಕ್ಕೆ ಬಂದು, ಕೋವಿಯ ಬುಡವನ್ನು ಮೆಟ್ಟಿಲ ಕಲ್ಲಿಗೆ ಕುಟ್ಟಿ, "ಹೋಗು, ಬೆನ್ನು ತೋರಿಸಿ ಹೋಗು ನೋಡುವ" ಎಂದಿದ್ದ. ಆಗ ಮರ ಸಿಡಿದದ್ದು. ಅಜ್ಜ ಹಿತ್ತಿಲ ದಾರಿಯಲ್ಲಿ ಓಡಿದ. ಸಾಯುವವರೆಗೂ ಅರ್ಜಿ ಹಾಕಲಿಲ್ಲ. ಅವನು ಉತ್ತ ಗದ್ದೆಯ ಮೇಲೆ ಈಗ ಅಶ್ವಿತನ ಅಪಾರ್ಟ್‌ಮೆಂಟು ನಿಂತಿದೆ. ಶಾಲೆ ಬಿಟ್ಟ ಮೋಕ್ಷಿತ್ ಅದರದ್ದೇ ಲಿಫ್ಟಿಗೆ ಗ್ರೀಸ್ ಹಚ್ಚುತ್ತಾನೆ.

"ಇದರ ಸ್ಪೆಷಾಲಿಟಿ ಎಂತ ಗೊತ್ತುಂಟಾ?" ಅಶ್ವಿತ್ ಮೊಬೈಲಿನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ಇಲ್ಲಿ ನೋಡಿ, ಡಿ.ಪಿ. ಅಂತ ಅಚ್ಚು ಉಂಟು. ಡ್ರಿಲ್ ಪರ್ಪಸ್. ಕವಾಯತು ಕಲಿಸ್ಲಿಕ್ಕೆ ಮಾತ್ರ. ನಳಿಗೆಗೆ ತೂತು ಕೊರೆದು, ಒಳಗಿನ ಸೂಜಿ ಕತ್ತರಿಸಿದ್ದಾರೆ. ಅದೆಲ್ಲ ಮಿಲಿಟರಿಯವರೇ ಮಾಡಿದ್ದು, ಅಜ್ಜನ ಕೈಗೆ ಬರುವ ಮೊದಲೇ."

"ಅಂದ್ರೆ ಗುಂಡು ಹಾರುದಿಲ್ವಾ?" ಮೋಕ್ಷಿತ್ ಬಾಗಿಲಿಂದಲೇ ಕೇಳಿದ.

"ಎಂತ ಗುಂಡು ಮಾರಾಯ! ಇದರಲ್ಲಿ ಕಾಗೆ ಓಡಿಸ್ಲಿಕ್ಕೂ ಆಗುದಿಲ್ಲ."

"ಕಾಗೆ ಓಡ್ಲಿಕ್ಕಿಲ್ಲ ಅಶ್ವಿತಣ್ಣ. ನನ್ನಜ್ಜ ಓಡಿದ್ರು."

ಅಶ್ವಿತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಮುಖ ಅರಳಿತು. "ಹೌದಾ! ಅದನ್ನೂ ಹೇಳಿ ಅಜ್ಜಿ, ಒಳ್ಳೆ ಸ್ಟೋರಿ ಆಗ್ತದೆ. ಬರೀ ಕೋಲು ಹಿಡ್ಕೊಂಡು ನಮ್ಮಜ್ಜ ಹೇಗೆ ಮ್ಯಾನೇಜ್ ಮಾಡಿದ್ರು ನೋಡಿ!"

ಮೋಕ್ಷಿತನ ಮೈ ಉರಿದುಹೋಯಿತು. ಧಣಿಯ ಮೇಲೆ ಸಿಟ್ಟೋ, ಕೋಲಿಗೆ ಹೆದರಿ ಓಡಿದ ಅಜ್ಜನ ಮೇಲೋ, ಅವನಿಗೇ ತಿಳಿಯಲಿಲ್ಲ. "ಹೇಳು ಅಜ್ಜಿ," ಎಂದು ಹಲ್ಲು ಕಚ್ಚಿದ. "ಇದೇ ಅಂತ ಹೇಳು. ಆಟದ ಸಾಮಾನು ತೋರಿಸಿ ಗದ್ದೆ ನುಂಗಿದ ದೊಡ್ಡ ಮನುಷ್ಯನನ್ನು ಊರೇ ನೋಡ್ಲಿ."

ದೇಯಿ ಮೊಮ್ಮಗನನ್ನು ನೋಡಿದಳು, ಮೊಬೈಲನ್ನು ನೋಡಿದಳು.

"ಇದಲ್ಲ," ಎಂದಳು.

"ಎಂತ ಇದಲ್ಲ? ಇನ್ನೊಮ್ಮೆ ಸರಿ ನೋಡಿ ಅಜ್ಜಿ..."

"ನೋಡಿದೆ ಸಣ್ಣ ಧಣಿ. ಸುಡದ ಕೋವಿ ಹಿಡ್ಕೊಂಡು ಒಕ್ಕಲಿನ ಅಂಗಳಕ್ಕೆ ಬರ್ಲಿಕ್ಕೆ ನಿಮ್ಮ ಅಜ್ಜ ಅಷ್ಟು ಸಣ್ಣ ಮನುಷ್ಯನಾ? ಅದು ಸುಡುವ ಬೆಡಿ. ಸುಡದ್ದಕ್ಕೆಲ್ಲ ಹೆದರುವ ಜನ ನನ್ನ ಗಂಡ ಅಲ್ಲ."

ಅಶ್ವಿತ್ ಮುಖ ಹುಳ್ಳಗೆ ಮಾಡಿಕೊಂಡು ಮೊಬೈಲು ಆಫ್ ಮಾಡಿದ. ಕೋವಿಗೆ ಕೈ ಚಾಚಿದ. ದೇಯಿ ಕೊಡಲಿಲ್ಲ. ಉಗುರು ಬೆಳ್ಳಗಾಗುವಷ್ಟು ಒತ್ತಿ, ಅವಳ ಹೆಬ್ಬೆರಳು ಆ ಕಚ್ಚನ್ನು ಮುಚ್ಚಿ ಹಿಡಿದಿತ್ತು.