ಸವೆದ ಕೋಲು
ಅತ್ತಿಗೆ ತಾನು ತಂದ ಕೋಲನ್ನು ತೂಬಿನ ಕಲ್ಲಿನ ಮೇಲೆ, ನೀರುಗಂಟಿಯ ಕೋಲಿನ ಪಕ್ಕಕ್ಕೇ ನಿಲ್ಲಿಸಿದಳು. ಅವಳ ಗಂಡ ಒಂದೇ ದಿನ ಕೆತ್ತಿದ ಜೋಡಿ ಕೋಲುಗಳವು. ಒಂದು, ಹೊಲಗಳಿಗೆ ನೀರು ಬಿಡುವ ಈ ನೀರುಗಂಟಿ ತಮ್ಮನ ಕೈ ಸೇರಿ ಇಪ್ಪತ್ತು ವರ್ಷ ಕಾಲುವೆಯ ನೀರು ಅಳೆದಿತ್ತು, ಇನ್ನೊಂದು ಅಟ್ಟದಲ್ಲೇ ಮಲಗಿತ್ತು.

"ನಿನ್ನೆ ಅಟ್ಟ ಗುಡಿಸುವಾಗ ಸಿಕ್ತು. ನೀರಿನ ಗುರುತು ನೋಡಪ್ಪ," ಎಂದಳು.

ಅವನ ಕೋಲಿನ ಗುರುತು ಎರಡು ಬೆರಳು ಕೆಳಗಿತ್ತು. ತಿರುಗಿಸಿ ನೋಡಿದ. ದಿನಾ ಕಾಲುವೆಯ ಕಲ್ಲಿಗೆ ಕುಟ್ಟಿ ಕುಟ್ಟಿ ಬುಡ ಹಳೇ ಚಪ್ಪಲಿಯ ಹಿಮ್ಮಡಿಯಂತೆ ಸವೆದಿತ್ತು. ನೀರು ಗುರುತು ಮುಟ್ಟಿತೆಂದು ಅವನು ತೂಬಿನ ಹಲಗೆ ಎತ್ತುವುದನ್ನು ನಿಲ್ಲಿಸಿದಾಗಲೆಲ್ಲ ಕೊನೆಯ ಹೊಲಗಳಿಗೆ ಎರಡು ಬೆರಳು ನೀರು ಕಡಿಮೆಯೇ ಹೋಗಿತ್ತು. "ನೀರು ಸಾಲ್ತಿಲ್ಲ ಕಣೋ" ಎಂದು ಕೊನೆಯ ಹೊಲದ ಅಣ್ಣ ಬಂದಾಗ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಕೋಲು ಸುಳ್ಳು ಹೇಳುತ್ತಾ?" ಎಂದು ಹತ್ತು ಜನರೆದುರು ನಕ್ಕಿದ್ದ. ಅಂದಿನಿಂದ ಅಣ್ಣ ಮಾತು ಬಿಟ್ಟ. ಹೋದ ತಿಂಗಳು ಉಸಿರೂ ಬಿಟ್ಟ.

ನೀರುಗಂಟಿ ಹಲಗೆಯನ್ನು ಇನ್ನಷ್ಟು ಎತ್ತಿದ. ಅತ್ತಿಗೆಯ ಕೋಲನ್ನು ಕಾಲುವೆಗಿಳಿಸಿ, ನೀರು ಅದರ ಗುರುತು ಮುಟ್ಟುವವರೆಗೂ ಕಾದ. ಆಮೇಲೆ ತಲೆ ಎತ್ತದೆ, "ಅಣ್ಣ ಹೇಳಿದ್ದೇ ನಿಜ ಅತ್ತಿಗೆ," ಎಂದ.

"ನನಗ್ಯಾಕೆ ಹೇಳ್ತೀಯಪ್ಪ? ನನಗೆ ಮೊದಲೇ ಗೊತ್ತಿತ್ತು."

ಏರಿಯ ಮೇಲೆ ಸರದಿಗಾಗಿ ಗುದ್ದಲಿ ಹಿಡಿದು ಕೂತವರು ಇತ್ತಲೇ ನೋಡುತ್ತಿದ್ದರು. ಅಂದು ಅವನ ಜೊತೆ ನಕ್ಕವರೂ ಅವರೇ. ನೀರುಗಂಟಿ ಸವೆದ ಕೋಲನ್ನು ಎಲ್ಲರಿಗೂ ಬುಡ ಕಾಣುವಂತೆ ಎತ್ತಿ ಹಿಡಿದು ಏರಿ ಹತ್ತಿದ.