ಮಗುಚದ ಅಂಗಿ

ಕದ್ದ ಮಾಲು ಎಂದು ಕಾರ್ವಿನ್ ಟೇಟ್‌ಗೆ ಗೊತ್ತಾಗಲು ಎರಡು ಸಾಲು ಸಾಕಾಯಿತು.

"ಅವಳು ಅಂಗಿಯನ್ನು ಮಗುಚಿ ಹಾಕುವುದೇ ಇಲ್ಲ. ಮಲಗಿದವನ ಬೆನ್ನು ಯಾರು ನೋಡುತ್ತಾರೆ?"

ಒಟಿಲೀ ಕ್ರಾಂಟ್ಸ್ ಬರೆದ ಪ್ರಬಂಧದ ನಾಲ್ಕನೇ ಪುಟದಲ್ಲಿತ್ತು ಅದು. ಆಕೆಯ ಮಾತೆಂಬಂತೆ ಯಾರ ಹೆಸರೂ ಇಲ್ಲದೆ ರಾಜಾರೋಷವಾಗಿ ಕೂತಿತ್ತು. ಟೇಟ್ ಆ ಸಾಲುಗಳನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲ. ಅವು ಅವನ ಗುರು, ದಿವಂಗತ ಪ್ರೊಫೆಸರ್ ಥಾರ್ನ್‌ಬಿಯವರ ಪುಸ್ತಕದ ನೂರ ಹನ್ನೆರಡನೇ ಪುಟದವು.

ಮಿಲ್ವಾಕೀಯ ಆ ಕಾಲೇಜಿನಲ್ಲಿ ಟೇಟ್ ಸಂಜೆ ತರಗತಿಗೆ ಹಳೆಯ ಅಮೆರಿಕನ್ ಕಥೆ, ನಾಟಕ ಕಲಿಸುತ್ತಿದ್ದ. ಅವನದು ಒಂದೇ ಕಟ್ಟಪ್ಪಣೆ. ಒಂದು ಕೃತಿ ಆರಿಸಿಕೊಳ್ಳಿ, ಗ್ರಂಥಾಲಯ ಜಾಲಾಡಿ, ಅದರ ಬಗ್ಗೆ ಬರೆದ ಮೂವರು ವಿಮರ್ಶಕರನ್ನು ಹುಡುಕಿ ಪುಟಸಂಖ್ಯೆ ಸಮೇತ ತನ್ನಿ. ಒಟಿಲೀ ಇಬ್ಬರನ್ನು ತಂದಿದ್ದಳು. ಮೂರನೆಯ ಜಾಗ ಖಾಲಿ.

ಎಪ್ಪತ್ತಾರು ವರ್ಷದ ಹೆಂಗಸು. ತರಗತಿಗೆಲ್ಲ ಸೇಬಿನ ಕೇಕು ಹಂಚುವವಳು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹತ್ತೂ ಬೆರಳು ಹಾಕಿ, ಕಣ್ಣು ಕಿಟಕಿಯಾಚೆ ನೆಟ್ಟು, ಮಳೆ ಸುರಿದಂತೆ ಟೈಪ್ ಮಾಡುತ್ತಿದ್ದಳು. ಎರಡೇ ಬೆರಳಲ್ಲಿ ಕುಟ್ಟುವ ಹುಡುಗರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಪದವಿಗೆ ಅವಳಿಗೆ ಉಳಿದಿದ್ದುದು ಇದೊಂದೇ ವಿಷಯ. ಶನಿವಾರ ಪದವಿ ಸಮಾರಂಭ. ಗೌನು ಆಗಲೇ ಮನೆಗೆ ಬಂದಿತ್ತು. ಆದರೆ ಕದ್ದು ಬರೆದವರಿಗೆ ಕಾಲೇಜಿನಲ್ಲಿ ಪದವಿಯಿಲ್ಲ, ಮರಳಿ ಪ್ರವೇಶವೂ ಇಲ್ಲ. ದೂರು ಕೊಡುವುದಾದರೆ ಇವತ್ತು ಐದು ಗಂಟೆಯೊಳಗೆ ಕೊಡಬೇಕು.

ನಾಲ್ಕಕ್ಕೆ ಅವಳನ್ನು ಕರೆಸಿದ. ಪುಸ್ತಕ ತೆಗೆಯಲು ಕೋಟು ಕಳಚಿ ಕಪಾಟಿನತ್ತ ತಿರುಗಿದ.

"ಮೇಷ್ಟ್ರೇ, ಮೇಲೆ ಕೋಟು ಇರುತ್ತೆ ಅಂತ ಬೆನ್ನಿಗೆ ಇಸ್ತ್ರಿ ಹಾಕೋದೇ ಬಿಟ್ಟಿದ್ದೀರಲ್ಲ," ಎಂದಳು ಹಿಂದಿನಿಂದ. "ಉಸಿರಾಡೋ ಗಂಡಸು ಹಾಗೆ ಮಾಡಬಾರದು."

ಟೇಟ್ ಥಾರ್ನ್‌ಬಿಯವರ ಪುಸ್ತಕ ತೆರೆದು ಅವಳ ಮುಂದಿಟ್ಟ.

ಒಟಿಲೀ ಪ್ರಬಂಧಕ್ಕೆ ಆರಿಸಿಕೊಂಡಿದ್ದುದು ನೂರು ವರ್ಷ ಹಳೆಯ ಒಂದು ಏಕಾಂಕ ನಾಟಕ. ಒಂದು ಹೊಲಮನೆ. ಹೆಂಡತಿ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತ ನೆರೆಯವಳೊಂದಿಗೆ ಹರಟುತ್ತಾಳೆ. ಪರದೆ ಬೀಳುತ್ತದೆ. ಪೇಟೆಗೆ ಹೋದ ಗಂಡನಿಗಾಗಿ ಅವಳು ಕಾಯುತ್ತಿದ್ದಾಳೆಂದು ವಿಮರ್ಶಕರೆಲ್ಲ ಬರೆದಿದ್ದರು. ಥಾರ್ನ್‌ಬಿಯೊಬ್ಬರೇ ಬೇರೆ ಹೇಳಿದವರು: ಅವಳು ಕಾಲರಿಗೆ, ಎದೆಭಾಗಕ್ಕೆ ಇಸ್ತ್ರಿ ಹಾಕುತ್ತಾಳೆ, ಬೆನ್ನು ಮುಟ್ಟುವುದಿಲ್ಲ, ಅದು ಶವಪೆಟ್ಟಿಗೆಯಲ್ಲಿ ಮಲಗುವವನ ಅಂಗಿ, ಗಂಡ ಒಳಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಈ ಒಂದು ಮಾತಿನಿಂದ ಅವರಿಗೆ ದೇಶವಿಡೀ ಹೆಸರು ಬಂತು. ಟೇಟ್ ಇದನ್ನು ಕೊನೆಯ ತರಗತಿಗೆಂದು ಬಚ್ಚಿಟ್ಟುಕೊಂಡಿದ್ದ.

ಒಟಿಲೀ ಆ ಪುಟವನ್ನು ನಿಧಾನವಾಗಿ ಓದಿದಳು. "ಇಷ್ಟೇನಾ ಹಾಕಿರೋದು?" ಎಂದಳು.

"ಸಾಲದಾ? ಅಕ್ಷರ ಅಕ್ಷರ ನಿಮ್ಮದೇ."

"ಅದೇನೋ ನಿಜ."

"ಮಿಸೆಸ್ ಕ್ರಾಂಟ್ಸ್, ತಮಾಷೆ ಬೇಡ. ಈ ಪುಸ್ತಕ ನೋಡಿಯೇ ಇಲ್ಲ ಅಂತೀರಾ?"

"ಅಚ್ಚಾದ ಪುಸ್ತಕ ಇವತ್ತೇ ನೋಡ್ತಿರೋದು."

ಟೇಟ್‌ಗೆ ಬೇಸರವಾಯಿತು, ಕನಿಕರವೂ ಆಯಿತು. ಥಾರ್ನ್‌ಬಿ ಜೀವಮಾನದಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಿದವರಲ್ಲ, ಅವರ ಅಂಗಿಗಳು ಲಾಂಡ್ರಿಯಿಂದ ರಟ್ಟು ಸಮೇತ ಮಡಿಸಿ ಬರುತ್ತಿದ್ದವು, ಆದರೂ ಅದು ಅವರ ಕಣ್ಣಿಗೆ ಬಿತ್ತಲ್ಲ, ಪ್ರತಿಭೆ ಅಂದರೆ ಅದು ಎಂದು ಅವಳಿಗೆ ಪಾಠ ಮಾಡಿದ. ಒಟಿಲೀ ತಲೆಯಾಡಿಸುತ್ತ, ಪುಸ್ತಕವನ್ನು ಹಿಂದಕ್ಕೆ ಮಗುಚುತ್ತ ಹೋದಳು. ಶುರುವಿನ ಹಾಳೆಗಳಲ್ಲೊಂದು ಕಡೆ ಅವಳ ಬೆರಳು ನಿಂತಿತು. ಮುಖದಲ್ಲಿ ಸಣ್ಣ ನಗೆ ಮೂಡಿತು. ಪುಸ್ತಕ ಮುಚ್ಚಿ, ಅಂಚು ಮೇಜಿನ ಅಂಚಿಗೆ ಸರಿಯಾಗಿ ಕೂರುವಂತೆ ಇಟ್ಟಳು.

ಟೇಟ್ ಒಂದು ದಾರಿ ತೋರಿಸಿದ. 'ಈ ಮಾತು ಥಾರ್ನ್‌ಬಿಯವರ ಪುಸ್ತಕದಿಂದ ತೆಗೆದುಕೊಂಡದ್ದು' ಎಂದು ಬರೆದು ಸಹಿ ಹಾಕಲಿ. ಮೂರನೇ ವಿಮರ್ಶಕರೂ ಸಿಕ್ಕಂತಾಯಿತು, ಶನಿವಾರ ಪದವಿಯೂ ಕೈಗೆ ಬಂತು.

ಪೆನ್ನನ್ನು ಅವಳ ಮುಂದಿಟ್ಟ. ಅವಳು ಅದನ್ನು ಅವನ ಕಡೆಗೇ ಸರಿಸಿದಳು.

"ಆ ಸಹಿ ಮಾತ್ರ ಹಾಕಲ್ಲ, ಮೇಷ್ಟ್ರೇ."

"ಹಾಗಾದ್ರೆ ಎಲ್ಲಿಂದ ಬಂತು ಹೇಳಿ."

"ನಮ್ಮಮ್ಮ ಊರಿನ ಹೆಣಗಳಿಗೆಲ್ಲ ಬಟ್ಟೆ ತೊಡಿಸ್ತಿದ್ದಳು. ಅಲ್ಲಿಂದ ಬಂತು. ಆದರೆ ನಿಮಗೆ ಅದರ ಪುಟಸಂಖ್ಯೆ ಬೇಕಲ್ಲ." ಬಾಗಿಲ ಬಳಿ ನಿಂತು ತಿರುಗಿದಳು. "ಈ ಪುಸ್ತಕ ನೀವು ಪೂರ್ತಿ ಓದಿದ್ದೀರಾ?"

"ಹನ್ನೊಂದು ಸಲ."

"ಪೂರ್ತಿ?"

"ಪೂರ್ತಿ."

"ಹಂಗಾದ್ರೆ ಬಿಡಿ," ಎಂದು ಕೇಕಿನ ಡಬ್ಬಿ ಕಂಕುಳಿಗೆ ಸಿಕ್ಕಿಸಿ ಹೊರಟುಹೋದಳು.

ಐದಕ್ಕೆ ಹತ್ತು ನಿಮಿಷವಿತ್ತು. ಟೇಟ್ ದೂರಿನ ನಮೂನೆ ತುಂಬಲು ಕೂತ. ಕದ್ದವರ ಹೆಸರು, ಪುಸ್ತಕದ ಹೆಸರು, ಪುಟ ನೂರ ಹನ್ನೆರಡು. ಎಷ್ಟನೇ ಮುದ್ರಣ? ಅದು ನೆನಪಿರಲಿಲ್ಲ. ಅವನ ಓದು ಹನ್ನೊಂದು ಸಲವೂ ಮೊದಲನೇ ಅಧ್ಯಾಯದಿಂದ ಶುರುವಾದದ್ದು. ಅದರ ಹಿಂದಿನ ನಾಲ್ಕು ಹಾಳೆ ಯಾರು ಓದುತ್ತಾರೆ? ಈಗ ತೆರೆದ. ಮೊದಲನೇ ಮುದ್ರಣ, ೧೯೭೯ ಎಂದಿತ್ತು. ಎದುರು ಪುಟದಲ್ಲಿ ಕೃತಜ್ಞತೆಗಳು: ವಿಶ್ವವಿದ್ಯಾಲಯಕ್ಕೆ, ಗೆಳೆಯರಿಗೆ, ಪ್ರಕಾಶಕರಿಗೆ. ಎಲ್ಲಕ್ಕಿಂತ ಕೆಳಗೆ ಕೊನೆಯ ಸಾಲು.

"ಇಸ್ತ್ರಿ, ಅಂಗಿ, ಸತ್ತವರ ಬೆನ್ನು ಎಂದು ಎರಡು ಚಳಿಗಾಲ ನನ್ನ ತಲೆ ತಿಂದರೂ, ಇಡೀ ಹಸ್ತಪ್ರತಿಯನ್ನು ಮೂರು ಸಲ ಒಂದೂ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟ ಶ್ರೀಮತಿ ಒಟಿಲೀ ಕ್ರಾಂಟ್ಸ್ ಅವರಿಗೂ."